ನೆಲದಡಿಯ ಸೋರಿಕೆ: ಹುಡುಕುವ ಖರ್ಚು ವಿಮೆಯವರದೋ, ನಮ್ಮದೋ?

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1970ರ ದಶಕದ ಮನೆಯೊಂದನ್ನು ಕೊಂಡು ನಾಲ್ಕು ವರ್ಷವಾಯಿತು. ಕೆಳಗಿನ ಅಂತಸ್ತಿನದು ಕಾಂಕ್ರೀಟ್ ನೆಲ. ಮನೆ ಬೆಚ್ಚಗಿಡಲು ರೇಡಿಯೇಟರ್‌ಗಳಿಗೆ ಬಿಸಿನೀರು ಹರಿಸುವ ಬಾಯ್ಲರಿನ ಒತ್ತಡ ಎರಡು ತಿಂಗಳಿಂದ ಇಳಿಯುತ್ತಿದೆ. ಮೂರು ದಿನಕ್ಕೊಮ್ಮೆ ನೀರು ತುಂಬಿಸಿ ಮುಳ್ಳನ್ನು ಒಂದೂವರೆ ಬಾರ್‌ಗೆ ತರುತ್ತಿದ್ದೇನೆ. ಎಲ್ಲಿಯೂ ನೀರು ಕಾಣದ್ದರಿಂದ ಸುಮ್ಮನಿದ್ದೆ. ಹತ್ತು ದಿನದ ಹಿಂದೆ ಹಜಾರದ ಗೋಡೆಯಂಚಿನ ಸ್ಕರ್ಟಿಂಗ್ ಹಲಗೆ ಉಬ್ಬಿರುವುದೂ ಲ್ಯಾಮಿನೇಟ್ ನೆಲ ಎದ್ದಿರುವುದೂ ಕಣ್ಣಿಗೆ ಬಿತ್ತು. ಪ್ಲಂಬರ್ ಬಂದು, ಪೈಪು ನೆಲದೊಳಗಿದೆ, ಹಜಾರದಿಂದ ಅಡುಗೆಮನೆಯವರೆಗೆ ಒಡೆದು ನೋಡಬೇಕಾದೀತು ಎಂದಿದ್ದಾನೆ. ನನ್ನ ಪಾಲಿಸಿಯಲ್ಲಿ ‘ಟ್ರೇಸ್ ಅಂಡ್ ಆಕ್ಸೆಸ್ – 5,000 ಪೌಂಡ್’ ಎಂಬ ಸಾಲಿದೆ. ಎಲ್ಲ ಖರ್ಚೂ ಅದರಲ್ಲೇ ಸಿಗುತ್ತದೆ ಎಂದು ಒಬ್ಬ ಸ್ನೇಹಿತ ಹೇಳುತ್ತಾನೆ. ನಿಧಾನವಾಗಿ ಆದ ಹಾನಿ ಎಂದು ಚಿಕ್ಕಾಸೂ ಕೊಡುವುದಿಲ್ಲ, ಮೇಲಾಗಿ ಮುಂದಿನ ವರ್ಷ ಪ್ರೀಮಿಯಂ ಏರುತ್ತದೆ, ಯಾರಿಗೂ ಹೇಳದೆ ಕೈಯಿಂದಲೇ ಮಾಡಿಸಿಬಿಡು ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರು ಸ್ನೇಹಿತರದೂ ಅರ್ಧ ಸರಿ, ಅರ್ಧ ತಪ್ಪು. ಆದರೆ ಅವರಿಗಿಂತ ಮೊದಲು ನಿಮ್ಮ ಪ್ಲಂಬರನ ಮಾತಿಗೆ ಬರುತ್ತೇನೆ, ಅಲ್ಲಿ ಅವಸರವಿದೆ. ದಯವಿಟ್ಟು ಸದ್ಯಕ್ಕೆ ಏನನ್ನೂ ಒಡೆಸಬೇಡಿ. ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳ ಪರವಾಗಿ ಹಾನಿಯ ಲೆಕ್ಕ ಹಾಕುವ ಲಾಸ್ ಅಡ್ಜಸ್ಟರ್ ಕೆಲಸವನ್ನು ಬಹಳ ವರ್ಷ ಮಾಡಿದವನು ನಾನು. ಯಾರನ್ನೂ ಕೇಳದೆ ಸುತ್ತಿಗೆ ಎತ್ತಿದ ಮನೆಗಳಲ್ಲೇ ಹೆಚ್ಚು ಜಗಳ ನೋಡಿದ್ದೇನೆ. ಒಡೆದ ಮೇಲೆ ಒಡೆಯುವ ಮುಂಚಿನ ಸ್ಥಿತಿ ಹೇಗಿತ್ತು ಎಂದು ಯಾರಿಗೂ ತೋರಿಸಲಾಗುವುದಿಲ್ಲ. ಅಷ್ಟೊಂದು ಒಡೆಯುವ ಅಗತ್ಯವಿತ್ತೇ ಎಂದು ಕಂಪನಿ ಕೇಳಿದರೆ ಉತ್ತರವೂ ಇರುವುದಿಲ್ಲ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಪಾಲಿಸಿಯಲ್ಲಿ ‘ಆಕ್ಸೆಸ್’ ಇದೆ, ‘ಎಕ್ಸೆಸ್’ ಕೂಡ ಇದೆ. ಫೋನಿನಲ್ಲಿ ಕೇಳಿದರೆ ನಮ್ಮ ಕಿವಿಗೆ ಎರಡೂ ಒಂದೇ. ಆಕ್ಸೆಸ್ ಎಂದರೆ ಸೋರುವ ಜಾಗವನ್ನು ತಲುಪಲು ನೆಲವನ್ನೋ ಗೋಡೆಯನ್ನೋ ಬಿಚ್ಚುವುದು. ಎಕ್ಸೆಸ್ ಎಂದರೆ ಪ್ರತಿ ಕ್ಲೇಮಿನಲ್ಲಿ ನೀವು ಕೈಯಿಂದ ಹಾಕಬೇಕಾದ ಮೊತ್ತ. ನೀರಿನ ಹಾನಿಗೆ ಈ ಎಕ್ಸೆಸ್ ಉಳಿದ ಹಾನಿಗಳಿಗಿಂತ ಹೆಚ್ಚಿರುವುದು ಮಾಮೂಲು. ಬೆಂಕಿಗೂ ಕಳವಿಗೂ 100 ಪೌಂಡ್ ಇಟ್ಟು ನೀರಿಗೆ 350, 500 ಇಟ್ಟ ಪಾಲಿಸಿಗಳು ಬೇಕಾದಷ್ಟಿವೆ. ನಿಮ್ಮದರಲ್ಲಿ ‘ಎಸ್ಕೇಪ್ ಆಫ್ ವಾಟರ್’ (ನೀರು ಸೋರಿ ಆಗುವ ಹಾನಿ) ಎಂಬ ಸಾಲಿನ ಎದುರು ಎಷ್ಟಿದೆ ನೋಡಿ. ಮುಂದಿನ ಲೆಕ್ಕಕ್ಕೆ ಅದು ಬೇಕು.

ಈಗ ಮೊದಲ ಸ್ನೇಹಿತನ ಮಾತು. 5,000 ಪೌಂಡಿನಲ್ಲಿ ಎಲ್ಲವೂ ಬರುತ್ತದೆ ಎಂಬುದು ಸರಿಯಲ್ಲ. ನಿಮ್ಮಂಥ ಪ್ರಕರಣದಲ್ಲಿ ಖರ್ಚು ಮೂರು ಬುಟ್ಟಿಗೆ ಬೀಳುತ್ತದೆ. ಹೊರಬಂದ ನೀರು ಕಟ್ಟಡಕ್ಕೆ ಮಾಡಿದ ಹಾನಿ ಮೊದಲನೆಯದು: ಉಬ್ಬಿದ ಸ್ಕರ್ಟಿಂಗ್, ಎದ್ದ ನೆಲಹಾಸು, ನೆನೆದ ಪ್ಲಾಸ್ಟರ್, ನೆಲ ಒಣಗಿಸುವ ಯಂತ್ರಗಳ ಬಾಡಿಗೆ. ಇದು ಕಟ್ಟಡ ವಿಮೆಯ ಮುಖ್ಯ ಭಾಗದಿಂದ ಬರುವಂಥದ್ದು, 5,000ದ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ಸೋರುವ ಜಾಗ ಹುಡುಕುವುದು, ಅಲ್ಲಿಗೆ ತಲುಪಲು ನೆಲ ಬಿಚ್ಚುವುದು, ಬಿಚ್ಚಿದ್ದನ್ನು ಮತ್ತೆ ಮುಚ್ಚಿ ಮೊದಲಿನಂತೆ ಮಾಡುವುದು ಎರಡನೆಯ ಬುಟ್ಟಿ. ಟ್ರೇಸ್ ಅಂಡ್ ಆಕ್ಸೆಸ್ ಎಂದರೆ ಇಷ್ಟೇ. ಮೂರನೆಯದು ಪೈಪಿನ ದುರಸ್ತಿ. ಹಳತಾಗಿ ತುಕ್ಕು ಹಿಡಿದು ತೂತಾದ ಪೈಪನ್ನು ಸರಿಪಡಿಸುವುದು ಸಾಮಾನ್ಯವಾಗಿ ಮನೆಯವರ ಜವಾಬ್ದಾರಿ. ಹಿಮಗಟ್ಟಿ ಒಡೆದದ್ದಾದರೆ ಕೆಲವು ಪಾಲಿಸಿಗಳು ಅದನ್ನೂ ಕೊಡುತ್ತವೆ. ಜನರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನೆಲ ಅಗೆಯಲು ಸಾವಿರಗಟ್ಟಲೆ ಕೊಡುವವರು ಒಂದು ಗೇಣು ತಾಮ್ರದ ಪೈಪಿಗೆ ಏಕೆ ಜಿಪುಣರಾಗುತ್ತಾರೆ? ವಿಮೆ ಅನಿರೀಕ್ಷಿತಕ್ಕೆ ಮಾತ್ರ, ಸವೆತಕ್ಕೆ ಅಲ್ಲ ಎಂಬುದು ಅವರ ವಾದ. ಹೇಗೂ ಒಮ್ಮೆ ಪೈಪು ಕಣ್ಣಿಗೆ ಬಿದ್ದರೆ ಅದರ ದುರಸ್ತಿ ಒಂದೆರಡು ಗಂಟೆಯ ಕೆಲಸ, ಅದಕ್ಕಾಗಿ ಕಾದಾಡಬೇಡಿ.

ಕಾದಾಡುವುದಿದ್ದರೆ ಮೊದಲೆರಡು ಬುಟ್ಟಿಗಳ ನಡುವಿನ ಗೆರೆಯ ವಿಷಯದಲ್ಲಿ ಕಾದಾಡಿ. ಕಾಂಕ್ರೀಟಿನ ಮೇಲಿನ ಸಿಮೆಂಟ್ ಪದರ ನೆನೆದು ಹಾಳಾಗಿ ಹೇಗಿದ್ದರೂ ಕೀಳಲೇಬೇಕಿದ್ದರೆ, ಅದನ್ನು ಕಿತ್ತ ಖರ್ಚು ನೀರಿನ ಹಾನಿಯದು, ಹುಡುಕಾಟದ್ದಲ್ಲ. ಎಷ್ಟೋ ಅಂದಾಜುಪಟ್ಟಿಗಳಲ್ಲಿ ನೆಲದ ಕೆಲಸವನ್ನೆಲ್ಲ ಸಾರಾಸಗಟಾಗಿ ಟ್ರೇಸ್ ಅಂಡ್ ಆಕ್ಸೆಸ್ ಕೆಳಗೆ ಬರೆದು, ಮಿತಿ ಮುಗಿಯಿತು ಎಂದು ಕೈತೊಳೆದುಕೊಂಡದ್ದನ್ನು ಕಂಡಿದ್ದೇನೆ. ಬೇಕೆಂದೇ ಮಾಡುತ್ತಾರೆ ಎನ್ನಲಾರೆ, ಬಹುತೇಕ ಸಲ ಸೋಮಾರಿತನ. ಯಾವ ಕೆಲಸ ಯಾವ ಬುಟ್ಟಿಗೆ ಎಂದು ಸಾಲುಸಾಲಾಗಿ ವಿಂಗಡಿಸಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿದರೆ ಮೊತ್ತ ಬದಲಾಗುವುದುಂಟು. 5,000 ಎಂಬುದು ಒಂದು ಕ್ಲೇಮಿಗೋ ಇಡೀ ವರ್ಷಕ್ಕೋ ಎಂಬುದನ್ನೂ ಓದಿಕೊಳ್ಳಿ. ಎರಡೂ ಬಗೆಯವು ಚಾಲ್ತಿಯಲ್ಲಿವೆ.

ಎರಡನೆಯ ಬುಟ್ಟಿಯ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಮೊದಲನೆಯದು ತೆರೆದ ಮೇಲೆಯೇ. ಅಂದರೆ, ವಿಮೆಗೆ ಒಳಪಡುವ ನೀರಿನ ಹಾನಿ ಆಗಿರಬೇಕು, ಆಗ ಅದರ ಮೂಲ ಹುಡುಕುವ ಖರ್ಚು ಕೊಡುತ್ತಾರೆ. ಒತ್ತಡ ಇಳಿಯುತ್ತಿದೆ, ಆದರೆ ಮನೆಯಲ್ಲಿ ಎಲ್ಲಿಯೂ ಹಾನಿ ಕಾಣುತ್ತಿಲ್ಲ ಎಂದು ಫೋನ್ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದು ಇದೇ ಕಾರಣಕ್ಕೆ. ಎರಡು ತಿಂಗಳ ಹಿಂದೆ ನೀವು ಫೋನ್ ಮಾಡಿದ್ದರೂ ಅದೇ ಉತ್ತರ ಸಿಗುತ್ತಿತ್ತೇನೋ. ಈಗ ಉಬ್ಬಿದ ಹಲಗೆ ನಿಮ್ಮ ಪರವಾದ ಸಾಕ್ಷಿ. ಅದನ್ನು ಕಿತ್ತೆಸೆಯಬೇಡಿ.

ಎರಡನೆಯ ಸ್ನೇಹಿತನ ಮಾತಿಗೆ ಬರೋಣ. ‘ನಿಧಾನವಾಗಿ ಆದ ಹಾನಿ’ ಎಂಬ ಹೊರತುಪಡಿಕೆ ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲಿದೆ. ಅಕ್ಷರಶಃ ಓದಿದರೆ ನೆಲದಡಿ ಸೋರುವ ಯಾವ ಪೈಪಿಗೂ ಚಿಕ್ಕಾಸು ಸಿಗಬಾರದು, ಏಕೆಂದರೆ ನೆಲದಡಿಯ ಸೋರಿಕೆ ಜಿನುಗುತ್ತಲೇ ಶುರುವಾಗುವುದು. ಹಾಗಾದರೆ ಈ ರಕ್ಷಣೆಯನ್ನು ಮಾರುವುದಾದರೂ ಏಕೆ? ವಿಮಾ ತಕರಾರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್ ಇಂಥ ಪ್ರಕರಣಗಳಲ್ಲಿ ನೋಡುವುದು ಇಷ್ಟನ್ನು: ಹಾನಿ ಆಗುತ್ತಿದೆ ಎಂದು ಮನೆಯವರಿಗೆ ಗೊತ್ತಿತ್ತೇ? ಗೊತ್ತಾಗಬೇಕಿತ್ತೇ? ಗೊತ್ತಾಗುವ ದಾರಿಯೇ ಇರಲಿಲ್ಲವೆಂದಾದರೆ ಆ ಒಂದು ಸಾಲು ಹಿಡಿದು ಕ್ಲೇಮು ತಳ್ಳಿಹಾಕುವುದು ನ್ಯಾಯವಲ್ಲ ಎಂಬುದು ಅವರ ನಿಲುವು. ಶವರಿನ ಗೋಡೆಯಲ್ಲಿ ವರ್ಷಗಟ್ಟಲೆ ಬೂಷ್ಟು ಬೆಳೆಯುತ್ತಿದ್ದರೂ ಸುಮ್ಮನಿದ್ದವರಿಗೆ ಈ ನಿಲುವು ನೆರವಾಗದು. ಟೈಲುಗಳ ನಡುವಿನ ಗ್ರೌಟೋ ಸಿಲಿಕೋನ್ ಅಂಚೋ ಬಿಟ್ಟುಹೋಗಿ ನೀರಿಳಿದದ್ದನ್ನಂತೂ ಹಲವು ಪಾಲಿಸಿಗಳು ಹೆಸರು ಹಿಡಿದೇ ಹೊರಗಿಟ್ಟಿವೆ. ನಿಮ್ಮದು ಹಾಗಲ್ಲ, ಪೈಪು ಕಾಂಕ್ರೀಟಿನ ಕೆಳಗಿದೆ.

ಆದರೂ ನಿಮ್ಮ ಕತೆಯಲ್ಲಿ ಒಂದು ಮುಳ್ಳಿದೆ: ಎರಡು ತಿಂಗಳ ಒತ್ತಡದ ಕುಸಿತ. ಅದನ್ನು ಮುಚ್ಚಿಡುವ ಆಸೆ ಬರಬಹುದು, ಬೇಡ. ಬಾಯ್ಲರ್ ಎಂಜಿನಿಯರ್ ಬಂದುಹೋದ ರಸೀದಿಯಿಂದ ಹಿಡಿದು ಎಲ್ಲವೂ ಒಂದಲ್ಲ ಒಂದು ದಿನ ಹೊರಬರುತ್ತದೆ. ಆಗ ಚಿಕ್ಕ ವಿಷಯವೊಂದು ದೊಡ್ಡ ಸುಳ್ಳಾಗಿ ಕಾಣುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿ: ಒತ್ತಡ ಇಳಿಯುವುದು ತಿಳಿದಿತ್ತು, ಮನೆಗೆ ಹಾನಿಯಾಗುತ್ತಿದೆ ಎಂಬುದು ಹತ್ತು ದಿನದ ಹಿಂದಷ್ಟೇ ತಿಳಿಯಿತು. ಇವೆರಡೂ ಒಂದೇ ಅಲ್ಲ. ಒತ್ತಡ ಇಳಿಯಲು ಬಾಯ್ಲರಿನೊಳಗೇ ಹಲವು ಕಾರಣಗಳಿವೆ. ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ವೆಸೆಲ್ ಎಂಬ ಪಾತ್ರೆಯ ಗಾಳಿ ಹೋಗಿ, ಸುರಕ್ಷಾ ಕವಾಟದ ಮೂಲಕ ನೀರು ಹೊರಗೋಡೆಯ ಕೊಳವೆಯಿಂದ ತೊಟ್ಟಿಕ್ಕುವುದು ತೀರಾ ಸಾಮಾನ್ಯ.

ಆ ಕಾರಣಗಳನ್ನು ಬದಿಗೆ ಸರಿಸುವ ಸುಲಭದ ಪರೀಕ್ಷೆಯೂ ಇದೆ. ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರನ್ನು ಕರೆಸಿ, ಬಾಯ್ಲರಿನ ಕೆಳಗೆ ರೇಡಿಯೇಟರ್‌ಗಳಿಗೆ ಹೋಗಿಬರುವ ಎರಡು ಪೈಪುಗಳ ಕವಾಟ ಮುಚ್ಚಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ದೋಷ ಬಾಯ್ಲರಿನದು. ಮುಳ್ಳು ನಿಂತಲ್ಲೇ ನಿಂತಿದ್ದರೆ ಸೋರಿಕೆ ರೇಡಿಯೇಟರ್‌ಗಳ ಜಾಲದಲ್ಲಿದೆ, ನಿಮ್ಮ ಮನೆಯಲ್ಲಿ ಬಹುಶಃ ನೆಲದೊಳಗೆ. ಈ ಫಲಿತಾಂಶವನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಇಷ್ಟನ್ನು ಮಾಡದೆಯೇ ನೆಲ ಒಡೆಯುವ ಮಾತಾಡಿದ ನಿಮ್ಮ ಪ್ಲಂಬರನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. (ಬಾಯ್ಲರ್ ಸಂಬಂಧವೇ ಇಲ್ಲದೆ ತಣ್ಣೀರಿನ ಪೈಪು ಸೋರುತ್ತಿರುವ ಅನುಮಾನ ಇರುವವರಿಗೆ ಬೇರೆ ಉಪಾಯವಿದೆ: ಎಲ್ಲ ನಲ್ಲಿ ಮುಚ್ಚಿ, ಮನೆಯೊಳಗಿನ ಸ್ಟಾಪ್‌ಕಾಕ್ (ಇಡೀ ಮನೆಯ ನೀರು ನಿಲ್ಲಿಸುವ ಮುಖ್ಯ ಕವಾಟ) ಕೂಡ ಮುಚ್ಚಿ ಹೊರಗಿನ ಮೀಟರ್ ನೋಡುವುದು. ಆಗಲೂ ಅದು ತಿರುಗುತ್ತಿದ್ದರೆ ಸೋರಿಕೆ ಮೀಟರಿಗೂ ಮನೆಗೂ ನಡುವೆ ಇದೆ.)

ಇನ್ನೊಂದು ಮಾತು. ಮೂರು ದಿನಕ್ಕೊಮ್ಮೆ ನೀರು ತುಂಬಿಸುವುದನ್ನು ಇವತ್ತೇ ನಿಲ್ಲಿಸಿ. ಹಾನಿ ಕಂಡ ಮೇಲೂ ತುಂಬಿಸುತ್ತಲೇ ಇದ್ದರೆ ಅದು ಸೋರಿಕೆಗೆ ನೀವೇ ನೀರುಣಿಸಿದಂತೆ. ಮುಂದಿನ ಹಾನಿ ತಡೆಯಲು ಮನೆಯವರು ಏನೂ ಮಾಡಲಿಲ್ಲ ಎಂದು ಹೇಳಲು ಕಂಪನಿಗೆ ಅಷ್ಟು ಸಾಕು. ಹೊಸ ನೀರಿನ ಜೊತೆ ಬರುವ ಆಮ್ಲಜನಕ ರೇಡಿಯೇಟರ್‌ಗಳನ್ನು ಒಳಗಿಂದ ತುಕ್ಕು ಹಿಡಿಸುವುದು ಬೇರೆ. ಒಂದೆರಡು ವಾರ ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡು ಸುಧಾರಿಸಿಕೊಳ್ಳಬೇಕಾದೀತು.

ಆ ಕಾಲದ ಮನೆಗಳಲ್ಲಿ ಪೈಪು ಸೋರಲು ಹೆಚ್ಚಿನ ನಿಗೂಢವೇನೂ ಬೇಕಿಲ್ಲ. ತಾಮ್ರದ ಪೈಪನ್ನು ಯಾವ ಹೊದಿಕೆಯೂ ಇಲ್ಲದೆ ಸಿಮೆಂಟಿನೊಳಗೆ ಹೂತಿಟ್ಟರೆ ಎರಡು ಕಷ್ಟ. ತೇವದ ಸಿಮೆಂಟಿನಲ್ಲಿರುವ ಅಂಶಗಳು ಲೋಹವನ್ನು ಮೆಲ್ಲಗೆ ತಿನ್ನುತ್ತವೆ. ಬಿಸಿನೀರು ಹರಿದಾಗ ಹಿಗ್ಗಿ, ನಿಂತಾಗ ಕುಗ್ಗುವ ಪೈಪಿಗೆ ಅಲುಗಾಡಲು ಜಾಗವಿಲ್ಲದೆ ಉಜ್ಜಿ ಸವೆಯುತ್ತದೆ, ಬೆಸುಗೆ ಬಿಡುತ್ತದೆ. ಇನ್ನು ಸ್ಕರ್ಟಿಂಗ್ ಹೊಡೆಯುವಾಗ ಯಾರೋ ಪೈಪಿಗೆ ಮೊಳೆ ತಾಗಿಸಿ, ಆ ಮೊಳೆಯೇ ವರ್ಷಗಟ್ಟಲೆ ಬಿರಡೆಯಾಗಿ ನಿಂತು, ಒಂದು ದಿನ ತುಕ್ಕು ಹಿಡಿದು ಸೋರಿದ ಪ್ರಕರಣಗಳನ್ನೂ ನೋಡಿದ್ದೇನೆ.

ಹುಡುಕುವುದಕ್ಕೆ ಹಜಾರದಿಂದ ಅಡುಗೆಮನೆಯವರೆಗೆ ಅಗೆಯುವುದು ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ. ಸೋರಿಕೆ ಪತ್ತೆಯನ್ನೇ ವೃತ್ತಿಯಾಗಿ ಮಾಡುವವರಿದ್ದಾರೆ. ಅವರು ಬಿಸಿನೀರು ಹರಿಸಿ ಥರ್ಮಲ್ ಕ್ಯಾಮೆರಾ ಹಿಡಿಯುತ್ತಾರೆ, ಪೈಪು ಯಾವ ದಾರಿ ಹಿಡಿದಿದೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕ್ಯಾಮೆರಾ ನೋಡುವುದು ಉಷ್ಣತೆಯ ವ್ಯತ್ಯಾಸವನ್ನು, ನೀರನ್ನಲ್ಲ. ಬರೀ ಅದರ ಚಿತ್ರ ನಂಬಿ ಕೊರೆದವರು ತಪ್ಪು ಜಾಗದಲ್ಲಿ ಗುಂಡಿ ತೋಡಿದ್ದುಂಟು. ನೆಲಕ್ಕೆ ಮೈಕ್ ಇಟ್ಟು ಸೋರುವ ಸದ್ದು ಕೇಳುವುದು ಒತ್ತಡ ಹೆಚ್ಚಿರುವ ಪೈಪುಗಳಿಗೆ ಒಳ್ಳೆಯದು, ಒಂದೂವರೆ ಬಾರಿನ ಜಿನುಗಿಗೆ ಅಷ್ಟು ಪ್ರಯೋಜನವಿಲ್ಲ. ನಿಮ್ಮಲ್ಲಿ ಕೆಲಸಕ್ಕೆ ಬರುವುದು ಟ್ರೇಸರ್ ಗ್ಯಾಸ್. ಪೈಪಿನ ನೀರು ಖಾಲಿ ಮಾಡಿ ಶೇಕಡಾ 5 ಜಲಜನಕ, ಶೇಕಡಾ 95 ಸಾರಜನಕದ ಮಿಶ್ರಣ ತುಂಬುತ್ತಾರೆ. ಈ ಪ್ರಮಾಣದಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ, ವಿಷವೂ ಅಲ್ಲ. ಜಲಜನಕದ ಅಣು ಅತಿ ಚಿಕ್ಕದಾದ್ದರಿಂದ ತೂತಿನಿಂದ ಹೊರಬಿದ್ದು ಕಾಂಕ್ರೀಟಿನ ಮೂಲಕವೂ ಮೇಲೇರುತ್ತದೆ, ನೆಲದ ಮೇಲೆ ಓಡಾಡಿಸುವ ಉಪಕರಣ ಅದನ್ನು ಮೂಸಿ ಹೇಳುತ್ತದೆ. ಎರಡು ಮೂರು ವಿಧಾನಗಳು ಒಂದೇ ಜಾಗ ತೋರಿಸಿದರೆ ಒಂದು ಹಾಸುಗಲ್ಲಿನಷ್ಟು ಅಗಲ ಬಿಚ್ಚಿದರೆ ಸಾಕಾಗುತ್ತದೆ.

ಒಂದು ಎಚ್ಚರಿಕೆ, ಇದು ಹಣದ್ದಲ್ಲ. ಬ್ರಿಟನ್ನಿನಲ್ಲಿ ಆಸ್ಬೆಸ್ಟಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. 1970ರ ದಶಕದ ಮನೆಯ ಲ್ಯಾಮಿನೇಟಿನ ಕೆಳಗೆ ಹಳೆಯ ಗಟ್ಟಿ ಪ್ಲಾಸ್ಟಿಕ್‌ನಂಥ ಟೈಲುಗಳೋ ಕಪ್ಪು ಡಾಂಬರಿನಂಥ ಅಂಟೋ ಕಂಡರೆ ಅದರಲ್ಲಿ ಆಸ್ಬೆಸ್ಟಸ್ ಇರಬಹುದು. ಪರೀಕ್ಷೆ ಮಾಡಿಸದೆ ಅದರ ಮೇಲೆ ಡ್ರಿಲ್ ಇಡಬೇಡಿ, ಇಡಲು ಬಿಡಲೂ ಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾದರೆ ಕವಾಟದ ಪರೀಕ್ಷೆ ಮುಗಿಸಿ, ಕಂಪನಿಗೆ ತಿಳಿಸಿ, ಪತ್ತೆದಾರರನ್ನು ಅವರೇ ಕಳಿಸುತ್ತಾರೋ ನಾವು ಕರೆಸಬೇಕೋ ಎಂದು ಕೇಳುತ್ತಿದ್ದೆ. ಅವರೇ ಕಳಿಸಿದರೆ ಬಿಲ್ಲಿನ ತಕರಾರು ಇರುವುದಿಲ್ಲ, ಬದಲಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ನೀವು ಕರೆಸಿದರೆ ಬೇಗ ಆಗುತ್ತದೆ, ಕೆಲವು ನೂರು ಪೌಂಡ್ ಮೊದಲು ಕೈಯಿಂದ ಹೋಗುತ್ತದೆ, ಒಪ್ಪಿಗೆಯ ಇಮೇಲ್ ಇಲ್ಲದಿದ್ದರೆ ಅದು ವಾಪಸು ಬರದಿರಲೂಬಹುದು. ದುರಸ್ತಿಯ ಹಂತದಲ್ಲಿ, ನಮ್ಮ ಕೆಲಸಗಾರರು ಬೇಡವೆಂದರೆ ಅವರಿಗೆ ನಾವು ಕೊಡುತ್ತಿದ್ದಷ್ಟೇ ನಗದು ಎಂದು ಕಂಪನಿ ಹೇಳುತ್ತದೆ. ಸಗಟು ದರದ ಆ ಮೊತ್ತಕ್ಕೆ ಹೊರಗೆ ಯಾರೂ ಕೆಲಸ ಮಾಡಿಕೊಡುವುದಿಲ್ಲ. ಲೆಕ್ಕ ಹಾಕದೆ ನಗದಿಗೆ ತಲೆಯಾಡಿಸಬೇಡಿ.

ಹುಡುಕುವ ಗೋಜೇ ಬೇಡವೆಂದು ನೆಲದೊಳಗಿನ ಪೈಪನ್ನು ಅಲ್ಲಿಯೇ ಬಿಟ್ಟು, ಸ್ಕರ್ಟಿಂಗ್ ಗುಂಟ ಹೊಸ ಪೈಪು ಎಳೆಸುವವರಿದ್ದಾರೆ. ಹಳೆಯ ಮನೆಗೆ ಇದು ಒಳ್ಳೆಯ ದಾರಿಯೇ, ಒಂದು ತೂತು ಮುಚ್ಚಿದರೆ ಮುಂದಿನ ಚಳಿಗಾಲಕ್ಕೆ ಪಕ್ಕದಲ್ಲಿ ಇನ್ನೊಂದು ಬಿಡುವ ಭಯವಿರುವುದಿಲ್ಲ. ಆದರೆ ಹೊಸ ಪೈಪು ಹುಡುಕಾಟವಲ್ಲ, ಆದ್ದರಿಂದ ಟ್ರೇಸ್ ಅಂಡ್ ಆಕ್ಸೆಸ್ ಅದಕ್ಕೆ ತಾನಾಗಿ ಅನ್ವಯಿಸದು. ಅಗೆಯುವುದಕ್ಕಿಂತ ಇದು ಅಗ್ಗ ಎಂದು ತೋರಿಸಿ ಒಂದು ಪಾಲು ಕೊಡುವಂತೆ ಒಪ್ಪಿಸಿದ ಗ್ರಾಹಕರನ್ನು ಬಲ್ಲೆ. ಕೆಲಸಕ್ಕೆ ಮುಂಚೆ ಕೇಳಿದವರು ಅವರೆಲ್ಲ. ಬಾಯ್ಲರಿಗೆ ಸೋರಿಕೆ ಮುಚ್ಚುವ ದ್ರವ ಸುರಿಯುವ ಸಲಹೆಯೂ ನಿಮಗೆ ಸಿಗುತ್ತದೆ. ಚಿಕ್ಕ ಜಿನುಗಿಗೆ ಕೆಲವೊಮ್ಮೆ ನಾಟುತ್ತದೆ, ಆದರೆ ಬಾಯ್ಲರಿನ ಸೂಕ್ಷ್ಮ ದಾರಿಗಳಲ್ಲಿ ಅಂಟಿಕೊಂಡರೆ ಅದರ ವಾರಂಟಿಯೂ ತೂಗುಯ್ಯಾಲೆಯಲ್ಲಿ. ನನಗೆ ಅದು ಇಷ್ಟವಿಲ್ಲ.

ಯಾರಿಗೂ ಹೇಳದೆ ಕೈಯಿಂದ ಮಾಡಿಸುವ ಸಲಹೆ? ಒಟ್ಟು ಖರ್ಚು ನಿಮ್ಮ ಎಕ್ಸೆಸ್‌ಗಿಂತ ಒಂದಿಷ್ಟೇ ಹೆಚ್ಚಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕ್ಲೇಮುಗಳು ವಿಮಾ ಕಂಪನಿಗಳು ಹಂಚಿಕೊಳ್ಳುವ ‘ಕ್ಯೂ’ ಎಂಬ ದತ್ತಾಂಶದಲ್ಲಿ ದಾಖಲಾಗುತ್ತವೆ, ಪ್ರೀಮಿಯಂ ಏರುವುದೂ ನಿಜ. ಕ್ಲೇಮು ಮಾಡದೆ ಬರೀ ತಿಳಿಸಿದ್ದೂ ದಾಖಲಾಗಬಹುದು. ಆದರೆ ಹೇಳದಿದ್ದರೆ ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ. ಕಂಪನಿ ಬದಲಿಸುವಾಗ ಎಷ್ಟೋ ಅರ್ಜಿಗಳು ಕಳೆದ ಐದು ವರ್ಷಗಳ ಕ್ಲೇಮುಗಳನ್ನಷ್ಟೇ ಅಲ್ಲ, ಕ್ಲೇಮು ಮಾಡದ ನಷ್ಟಗಳನ್ನೂ ಕೇಳುತ್ತವೆ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕೇಳಿದ ಪ್ರಶ್ನೆಗೆ ಎಚ್ಚರಿಕೆಯಿಂದ ನಿಜ ಹೇಳುವುದು ನಿಮ್ಮ ಹೊಣೆ. ಅಡುಗೆಮನೆ, ಹಜಾರ ಎರಡರ ನೆಲ ಒಣಗಿಸಿ ಹೊಸದು ಹಾಸುವ ನಿಮ್ಮ ಪ್ರಕರಣದಲ್ಲಿ ಮೊತ್ತ ಎಕ್ಸೆಸ್ಸನ್ನು ಬಹಳ ಹಿಂದೆ ಹಾಕುತ್ತದೆ ಎಂದೇ ನನ್ನ ಅಂದಾಜು. ಕ್ಲೇಮು ಮಾಡಿ.

ತಳ್ಳಿಹಾಕಿದರೆ ಫೋನಿನಲ್ಲಿ ವಾದಿಸಬೇಡಿ, ದೂರು ಎಂದು ಬರೆದು ಕೊಡಿ. ಅಂತಿಮ ಉತ್ತರಕ್ಕೆ ಕಂಪನಿಗೆ ಎಂಟು ವಾರ ಕಾಲಾವಕಾಶ. ಉತ್ತರ ಬಂದು ನಿಮಗೆ ಒಪ್ಪಿಗೆಯಾಗದಿದ್ದರೆ ಆ ದಿನದಿಂದ ಆರು ತಿಂಗಳೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀವು ಅವರ ತೀರ್ಪು ಒಪ್ಪಿದರೆ ಕಂಪನಿಯೂ ಅದಕ್ಕೆ ಬದ್ಧ.

ಅಲ್ಲಿಯವರೆಗೂ ಹೋಗಬೇಕಾದೀತೆಂದು ಎಣಿಸಿಯೇ ಇವತ್ತಿನಿಂದ ಕಡತ ಮಾಡಿ. ಉಬ್ಬಿದ ಹಲಗೆಯ ಫೋಟೊ, ಒತ್ತಡದ ಮುಳ್ಳಿನ ಫೋಟೊ ತಾರೀಖಿನ ಸಮೇತ, ಯಾರೊಂದಿಗೆ ಯಾವತ್ತು ಮಾತಾಡಿದಿರಿ ಎಂಬ ಟಿಪ್ಪಣಿ. ಪೈಪು ಸಿಕ್ಕ ದಿನ, ಕತ್ತರಿಸಿದ ತುಂಡನ್ನು ಪ್ಲಂಬರ್ ಕಸದ ಬುಟ್ಟಿಗೆ ಎಸೆಯದಂತೆ ಪಕ್ಕದಲ್ಲೇ ನಿಂತುಕೊಳ್ಳಿ. ಅದರ ತೂತು ಒಳಗಿಂದ ತಿಂದದ್ದೋ, ಹೊರಗಿನ ಸಿಮೆಂಟಿನಿಂದ ಆದದ್ದೋ, ಮೊಳೆಯದೋ ಎಂದು ನೋಡಿದರೆ ತಿಳಿಯುತ್ತದೆ. ತುಂಡನ್ನು ಚೀಲದಲ್ಲಿ ಹಾಕಿ, ತಾರೀಖು ಬರೆದು, ಕ್ಲೇಮು ಪೂರ್ತಿ ಇತ್ಯರ್ಥವಾಗುವವರೆಗೆ ಇಟ್ಟುಕೊಳ್ಳಿ.